ಕಡಿಮೆ ಬೆಲೆಯ ವೈರ್‌ಲೆಸ್ ಹೆಡ್‌ಫೋನ್: ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಪರೀಕ್ಷಿಸುವುದು ಹೇಗೆ?

ಹೆಡ್‌ಫೋನ್ ಕೊಳ್ಳುವಾಗ ನಾನು ಮೊದಲ ಸಲ ಕೈ ಸುಟ್ಟುಕೊಂಡದ್ದು ಒಂದೇ ಒಂದು ಅಕ್ಷರದಿಂದ. ಡಬ್ಬದ ಮೇಲೆ ದಪ್ಪಗೆ 'ಇಎನ್‌ಸಿ' ಎಂದಿತ್ತು. ನಾನು ಅದನ್ನು 'ಎಎನ್‌ಸಿ' ಎಂದು ಓದಿಕೊಂಡೆ. ಇನ್ನು ಬಸ್ಸಿನ ಇಂಜಿನ್ ಸದ್ದಿನ ಕಾಟ ಇರುವುದಿಲ್ಲ ಎಂದುಕೊಂಡು ಖುಷಿಯಾಗಿ ಹತ್ತಿ ಕೂತೆ. ಇಂಜಿನ್ ತನ್ನ ಪಾಡಿಗೆ ಗುರ್ರೆನ್ನುತ್ತಲೇ ಇತ್ತು. ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್) ನಿಮ್ಮ ಕಿವಿಗೆ ಬರುವ ಹೊರಗಿನ ಗದ್ದಲವನ್ನು ತಗ್ಗಿಸುತ್ತದೆ. ಇಎನ್‌ಸಿ (ಎನ್ವಿರಾನ್ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್) ಕೆಲಸ ಮಾಡುವುದು ಫೋನಿನಲ್ಲಿ ಮಾತಾಡುವಾಗ. ಆ ಕಡೆಯವರಿಗೆ ನಿಮ್ಮ ಸುತ್ತಲಿನ ಸದ್ದು ಜಾಸ್ತಿ ಕೇಳದಂತೆ ನೋಡಿಕೊಳ್ಳುತ್ತದೆ. ಅನುಕೂಲ ಅವರಿಗೆ, ದುಡ್ಡು ನನ್ನದು. ಡಬ್ಬದ ಮೇಲೆ ಸುಳ್ಳೇನೂ ಇರಲಿಲ್ಲ, ತಪ್ಪಾಗಿ ಓದಿದವನು ನಾನೇ.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಡಬ್ಬ ನೋಡಿ ಒಂದನ್ನು ಆರಿಸುತ್ತೇನೆ, ಆದರೆ ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ಕೊಂಡ ಮೇಲೆ ತೀರ್ಮಾನಿಸುತ್ತೇನೆ. ವಾಪಸ್ ಕೊಡಲು ಇರುವ ದಿನಗಳೇ ಪರೀಕ್ಷೆಯ ದಿನಗಳು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಆ ಪರೀಕ್ಷೆಯನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದೇ ಇಲ್ಲಿರುವುದು.

ಹೆಜ್ಜೆ 1: ನಿಮ್ಮ ಒಂದು ವಾರವನ್ನು ಬರೆದುಕೊಳ್ಳಿ

ಒಂದು ಚೀಟಿ ಸಾಕು. ದಿನಕ್ಕೆ ಎಷ್ಟು ಹೊತ್ತು ಕೇಳುತ್ತೀರಿ? ಮನೆಯಲ್ಲೋ, ದಾರಿಯಲ್ಲೋ, ಕಚೇರಿಯಲ್ಲೋ? ಹಾಡು ಎಷ್ಟು, ಮಾತು ಎಷ್ಟು, ವಿಡಿಯೊ ಎಷ್ಟು? ಫೋನ್ ಒಂದೇನಾ, ಜತೆಗೆ ಲ್ಯಾಪ್‌ಟಾಪ್ ಕೂಡ ಇದೆಯಾ? ಕನ್ನಡಕ ಹಾಕುತ್ತೀರಾ?

ಸುಮ್ನೆ ಕೇಳುತ್ತಿಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ ಪಾಡ್‌ಕಾಸ್ಟ್ ಕೇಳುವವರಿಗೆ ಎಎನ್‌ಸಿ ಬೇಕಾಗಿಯೇ ಇಲ್ಲ. ಆ ಖರ್ಚು ಉಳಿದರೆ ಅದೇ ಬೆಲೆಗೆ ಇನ್ನೂ ಚೆನ್ನಾಗಿ ಕಟ್ಟಿದ ಹೆಡ್‌ಫೋನ್ ಸಿಗಬಹುದು. ದಿನಕ್ಕೆ ನಾಲ್ಕು ಮೀಟಿಂಗ್ ಇರುವವರಿಗೆ ಬಾಸ್‌ಗಿಂತ, ಅಂದರೆ ಡ್ರಮ್ಮಿನಂಥ ತಗ್ಗಿನ ಸದ್ದಿಗಿಂತ, ಮೈಕ್ ಮುಖ್ಯ. ನಡೆಯುತ್ತಾ ಬೆವರುವವರಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಸರಿಹೋಗದೆ ಇರಬಹುದು.

ಹೆಜ್ಜೆ 2: ಡಬ್ಬದ ಮೇಲಿನ ಅಂಕಿಗಳನ್ನು ಜರಡಿ ಹಿಡಿಯಿರಿ

ಡಬ್ಬದ ಮೇಲೆ ದೊಡ್ಡದಾಗಿ ಕಾಣುವ ಅಂಕಿಗಳಲ್ಲಿ ಬಹಳಷ್ಟು ನಿಮ್ಮ ಕೆಲಸಕ್ಕೆ ಬರುವುದಿಲ್ಲ.

'40 ಮಿ.ಮೀ. ಡ್ರೈವರ್' ಎಂದಿರುತ್ತದೆ. ಡ್ರೈವರ್ ಅಂದರೆ ಒಳಗಿರುವ ಪುಟಾಣಿ ಸ್ಪೀಕರ್. ಈ ಬಗೆಯ ಹೆಡ್‌ಫೋನ್‌ಗಳಲ್ಲಿ 40 ಮಿ.ಮೀ. ಬಹಳ ಸಾಮಾನ್ಯ ಅಳತೆ. 50 ಇದ್ದ ಮಾತ್ರಕ್ಕೆ ಸದ್ದು ಚೆನ್ನಾಗಿರುತ್ತದೆ ಎಂದೇನೂ ಇಲ್ಲ. '20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್' ಎಂಬ ಸಾಲು ಇನ್ನೂ ಟೊಳ್ಳು. ಹರ್ಟ್ಜ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ, ಅಂಕಿ ಏರಿದಷ್ಟೂ ಸದ್ದು ಚೂಪು. ಡಬ್ಬದ ಮೇಲಿನದು ಮನುಷ್ಯರ ಕಿವಿಯ ವ್ಯಾಪ್ತಿ. ಆ ವ್ಯಾಪ್ತಿಯಲ್ಲಿ ಯಾವ ಭಾಗ ಎಷ್ಟು ಜೋರು, ಎಷ್ಟು ಮೆಲ್ಲಗೆ ಎಂದು ಹೇಳದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ. ಬ್ಲೂಟೂತ್ 5.0, 5.3 ಎಂಬ ಅಂಕಿಗಳೂ ಅಷ್ಟೆ, ಹಾಡಿನ ಗುಣಮಟ್ಟವನ್ನು ಅವು ಹೇಳುವುದಿಲ್ಲ.

ಕೋಡೆಕ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಜನ ಅದರ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರೆ. ಫೋನು ಹಾಡನ್ನು ಗಾಳಿಯಲ್ಲಿ ಕಳಿಸುವ ಮೊದಲು ಅದನ್ನು ಚಿಕ್ಕದಾಗಿ ಮಡಚುತ್ತದೆ. ಮಡಚುವ ಆ ರೀತಿಯೇ ಕೋಡೆಕ್. ಎಸ್‌ಬಿಸಿ ಎಂಬ ಕೋಡೆಕ್ ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಕಡ್ಡಾಯ. ಐಫೋನ್ ಎಸ್‌ಬಿಸಿ ಮತ್ತು ಎಎಸಿ ಎಂಬ ಕೋಡೆಕ್‌ಗಳನ್ನು ಬಳಸುತ್ತದೆ, ಎಲ್‌ಡಿಎಸಿ ಎಂಬುದನ್ನು ಬಳಸುವುದಿಲ್ಲ. ಹಾಗಾಗಿ ಐಫೋನ್ ಇರುವವರು ಎಲ್‌ಡಿಎಸಿಗೆಂದು ಜಾಸ್ತಿ ಕೊಟ್ಟರೆ ಆ ದುಡ್ಡು ನೀರಿಗೆ ಹಾಕಿದಂತೆ. ಆಂಡ್ರಾಯ್ಡ್ ಜಗತ್ತಿಗೆ ಎಲ್‌ಡಿಎಸಿ ಬಂದದ್ದು 2017ರ ಆಂಡ್ರಾಯ್ಡ್ 8.0ರ ಜತೆ. ಅದು ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸಬಲ್ಲದು. ಎಸ್‌ಬಿಸಿ ಸಾಮಾನ್ಯವಾಗಿ 328ರ ಆಸುಪಾಸು. ಅಂಕಿಯಲ್ಲಿ ಮೂರು ಪಟ್ಟು ವ್ಯತ್ಯಾಸ ಇದೆ, ಒಪ್ಪೋಣ. ಆದರೆ ಈ ಬೆಲೆಯಲ್ಲಿ ನಿಮ್ಮ ಕಿವಿಗೆ ಮೊದಲು ಗೊತ್ತಾಗುವುದು ಡ್ರೈವರ್‌ನ ಹೊಂದಾಣಿಕೆ ಮತ್ತು ಕುಶನ್ ಕೂರುವ ರೀತಿ. ಕೋಡೆಕ್‌ನ ಸರದಿ ಅದಾದ ಮೇಲೆ, ಬಹಳ ಹಿಂದೆ.

ಬೆಲೆ ನೋಡಿ ಗುಣ ಅಳೆಯಬಹುದಾ? 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿದರು. ಬೆಲೆಗೂ, ಬಾಸ್‌ನಿಂದ ಟ್ರೆಬಲ್ ಎಂಬ ಚೂಪು ಸದ್ದಿನವರೆಗೆ ಸದ್ದು ಹರಡಿಕೊಳ್ಳುವ ರೀತಿಗೂ ಅವರಿಗೆ ನಂಟು ಕಾಣಲಿಲ್ಲ. ಅಗ್ಗದ ಹೆಡ್‌ಫೋನ್ ಕೊಳ್ಳುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಜಾಸ್ತಿ ದುಡ್ಡಿಗೆ ಬರುವುದು ಹೆಚ್ಚಾಗಿ ಒಳ್ಳೆಯ ಎಎನ್‌ಸಿ, ಒಳ್ಳೆಯ ಮೈಕ್, ಗಟ್ಟಿ ಕೀಲು, ಮೆತ್ತನೆಯ ಕುಶನ್.

ಹಾಗಾದರೆ ಡಬ್ಬದಲ್ಲಿ ಓದಬೇಕಾದ್ದು ಏನು? ತೂಕ, ವೈರ್ ಹಾಕುವ 3.5 ಮಿ.ಮೀ. ಕಿಂಡಿ ಇದೆಯೇ, ಯುಎಸ್‌ಬಿ-ಸಿ ಚಾರ್ಜಿಂಗ್ ಇದೆಯೇ, ಒಟ್ಟಿಗೆ ಎರಡು ಸಾಧನಕ್ಕೆ ಜೋಡಿಸುವ ಮಲ್ಟಿಪಾಯಿಂಟ್ ಇದೆಯೇ, ಕುಶನ್ ಬದಲಿಸಬಹುದೇ. ಆಮೇಲೆ ಆ ಎಎನ್‌ಸಿ-ಇಎನ್‌ಸಿ ಅಕ್ಷರವನ್ನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ.

ಹೆಜ್ಜೆ 3: ಹಾಡು ಹಾಕುವ ಮೊದಲು ಸುಮ್ಮನೆ ಹಾಕಿಕೊಂಡು ಕೂರಿ

ಡಬ್ಬ ಬಿಚ್ಚಿದ ತಕ್ಷಣ ಎಲ್ಲರೂ ಮಾಡುವುದು ಇಷ್ಟದ ಹಾಡು ಹಾಕುವುದು. ಅದೊಂದು ಆಸೆ ತಡೆದುಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ಒಂದು ಗಂಟೆ ನಿಮ್ಮ ಕೆಲಸ ಮಾಡಿ. ಐದು ನಿಮಿಷಕ್ಕೆ ಎಲ್ಲವೂ ಹಿತವಾಗಿಯೇ ಇರುತ್ತದೆ. ನೆತ್ತಿ ನೋಯಲು ಶುರುವಾಗುವುದು ನಲವತ್ತನೇ ನಿಮಿಷಕ್ಕೆ.

ಗಮನಿಸಬೇಕಾದ ಜಾಗ ಮೂರು. ಒಂದು ನೆತ್ತಿ: ತಲೆಪಟ್ಟಿಯ ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುತ್ತಿದೆಯೇ? ಇನ್ನೊಂದು ದವಡೆ ಮತ್ತು ಕಿವಿಯ ಹಿಂಭಾಗ: ಕಪ್ ಎಷ್ಟು ಬಿಗಿಯಾಗಿ ಒತ್ತುತ್ತಿದೆ? ಮೂರನೆಯದು ಕಿವಿಯ ತುದಿ. ಕಿವಿ ಪೂರ್ತಿ ಕುಶನ್ನಿನ ಒಳಗೆ ಕೂರಬೇಕು, ಒಳಗಿನ ಬಟ್ಟೆಗೆ ತಾಗಬಾರದು. ತೆಳು ಕುಶನ್ ಇರುವ ಅಗ್ಗದ ಮಾದರಿಗಳಲ್ಲಿ ಕಿವಿಯ ತುದಿ ಒಳಗಿನ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಮೊದಲ ದಿನ ಅದು ತಿಳಿಯುವುದೇ ಇಲ್ಲ, ಮೂರನೇ ದಿನದ ಹೊತ್ತಿಗೆ ಕಿವಿ ಕೆಂಪಗಾಗಿರುತ್ತದೆ. ಬಿಗಿತ ಕಾಲಕ್ರಮೇಣ ಸ್ವಲ್ಪ ಸಡಿಲವಾಗುತ್ತದೆ. ಕುಶನ್ನಿನ ಆಳ ಮಾತ್ರ ಬರಬರುತ್ತಾ ಕಡಿಮೆಯೇ ಆಗುವುದು. ತೂಕ 250 ಗ್ರಾಂ ಆಸುಪಾಸಿದ್ದರೆ ಹೆಚ್ಚಿನವರಿಗೆ ನಡೆಯುತ್ತದೆ, 300 ದಾಟಿದರೆ ತಲೆಪಟ್ಟಿ ನಿಜಕ್ಕೂ ಚೆನ್ನಾಗಿರಬೇಕು.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಈ ಬಗೆಯ ಹೆಡ್‌ಫೋನಿನಲ್ಲಿ ಹಿತ ಬೇರೆ, ಸದ್ದು ಬೇರೆ ಎಂದಿಲ್ಲ. ಕುಶನ್ನು ಕಿವಿಯ ಸುತ್ತ ಸಂದಿಲ್ಲದೆ ಕೂತರೆ ಮಾತ್ರ ಬಾಸ್ ಒಳಗೆ ನಿಲ್ಲುತ್ತದೆ. ಎಲ್ಲಾದರೂ ಸಂದು ಬಿಟ್ಟರೆ ಬಾಸ್ ಸೋರಿಹೋಗಿ ಹಾಡು ತೆಳ್ಳಗಾಗುತ್ತದೆ. ಕನ್ನಡಕದ ಕಡ್ಡಿ, ದಪ್ಪ ಕೂದಲು, ಕಿವಿಯ ಓಲೆ ಎಲ್ಲವೂ ಇಂಥ ಸಂದು ಮಾಡುತ್ತವೆ. ಇದನ್ನು ಪತ್ತೆ ಮಾಡುವುದು ತುಂಬಾ ಸುಲಭ. ಡ್ರಮ್ಮಿನ ಗಟ್ಟಿ ಪೆಟ್ಟುಗಳಿರುವ ಒಂದು ಹಾಡು ಹಾಕಿ. ಎರಡೂ ಅಂಗೈಗಳಿಂದ ಕಪ್‌ಗಳನ್ನು ಮೆಲ್ಲಗೆ ತಲೆಗೆ ಒತ್ತಿ ಹಿಡಿಯಿರಿ. ಬಾಸ್ ಇದ್ದಕ್ಕಿದ್ದಂತೆ ಜಾಸ್ತಿಯಾಯಿತೇ? ಹಾಗಾದರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಸರಿಯಾಗಿ ಕೂರುತ್ತಿಲ್ಲ. ಇನ್ನೊಬ್ಬರಿಗೆ ಅದೇ ಹೆಡ್‌ಫೋನ್ ಅದ್ಭುತವಾಗಿ ಕೇಳಿಸಬಹುದು. ಬೇರೆಯವರ ವಿಮರ್ಶೆ ನಂಬಿ ಕೊಂಡವರಿಗೆ ಮೋಸವಾದಂತೆ ಅನ್ನಿಸುವುದು ಹೆಚ್ಚಾಗಿ ಇಲ್ಲೇ.

ಹೆಜ್ಜೆ 4: ಸದ್ದಿನ ಪರೀಕ್ಷೆ

ಮೊದಲು ದೋಷ ಹುಡುಕಿ, ರುಚಿಯ ಮಾತು ಆಮೇಲೆ.

ಯಾರೋ ಒಬ್ಬರು ಮಾತಾಡುತ್ತಿರುವ ಧ್ವನಿಮುದ್ರಣ ಹಾಕಿ, ಫೋನಿನ ಸೆಟ್ಟಿಂಗ್‌ನಲ್ಲಿ ಮೋನೊ (ಎರಡೂ ಕಿವಿಗೆ ಒಂದೇ ಸದ್ದು) ಆನ್ ಮಾಡಿ. ದನಿ ಸರಿಯಾಗಿ ತಲೆಯ ನಡುವೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿ. ವಾಲುವ ಕಡೆ ಬದಲಾಗದಿದ್ದರೆ ದೋಷ ನಿಮ್ಮ ಕಿವಿಯದು. ಬದಲಾದರೆ ದೋಷ ಹೆಡ್‌ಫೋನಿನದೋ ಫೋನಿನದೋ. ಫೋನ್ ಬದಲಿಸಿ ನೋಡಿದರೆ ಅದೂ ಗೊತ್ತಾಗುತ್ತದೆ. ಬಳಿಕ 20 ಹರ್ಟ್ಜ್‌ನಿಂದ ನಿಧಾನ ಮೇಲೇರುವ ಟೋನ್ ಒಂದನ್ನು ಸಾಧಾರಣ ವಾಲ್ಯೂಮಿನಲ್ಲಿ ಕೇಳಿ. ಇಂಥವು ಹುಡುಕಿದರೆ ಸಿಗುತ್ತವೆ. 30ರಿಂದ 150 ಹರ್ಟ್ಜ್ ನಡುವೆ ಟರ್ರ್ ಎಂಬ ನಡುಕವೋ ಪ್ಲಾಸ್ಟಿಕ್ ಅಲುಗಿದ ಸದ್ದೋ ಬಂದರೆ ಅದು ತಯಾರಿಕೆಯ ದೋಷ. ಚರ್ಚೆ ಬೇಡ, ವಾಪಸ್.

ದೋಷ ಏನೂ ಇಲ್ಲವಾದರೆ ಐದಾರು ಹಾಡು ಆರಿಸಿ. ವರ್ಷಗಟ್ಟಲೆ ಕೇಳಿ ಬಾಯಿಪಾಠ ಆಗಿರುವಂಥವು. ಹೊಸ ಹಾಡು ಬೇಡ, ಅದು ಹೇಗೆ ಕೇಳಬೇಕು ಎಂದು ನಿಮಗೇ ಗೊತ್ತಿರುವುದಿಲ್ಲ. ಒಂದರಲ್ಲಿ ಬರೀ ದನಿ ಮತ್ತು ಒಂದು ವಾದ್ಯ ಇರಲಿ. ಒಂದರಲ್ಲಿ ಹತ್ತಾರು ವಾದ್ಯ ಒಟ್ಟಿಗೆ ನುಗ್ಗಲಿ. ಒಂದರಲ್ಲಿ ಆಳದ ಬಾಸ್ ಇರಲಿ.

ಕೇಳಬೇಕಾದ್ದು ಇಷ್ಟು. ಹಾಡುವವರ ದನಿ ಎದುರಿಗೆ ನಿಂತಿದೆಯೇ, ಕಂಬಳಿಯ ಹಿಂದಿನಿಂದ ಬಂದಂತಿದೆಯೇ? ಕಡಿಮೆ ಬೆಲೆಯ ಹೆಡ್‌ಫೋನ್‌ಗಳ ದೊಡ್ಡ ರೋಗ ಇದೇ. ಅಂಗಡಿಯ ಎರಡು ನಿಮಿಷದಲ್ಲಿ ಮನಸೆಳೆಯಲಿ ಎಂದು ಬಾಸ್ ಉಬ್ಬಿಸಿರುತ್ತಾರೆ. ಆ ಉಬ್ಬು ಮೇಲಕ್ಕೆ ಹರಡಿ ಗಂಡಸಿನ ದನಿಯನ್ನು ಮಡಕೆಯೊಳಗೆ ಮಾತಾಡಿದಂತೆ ಮಾಡುತ್ತದೆ. ಇನ್ನೊಂದು, 'ಸ' 'ಶ' ಅಕ್ಷರಗಳು ಕಿವಿಗೆ ಚುಚ್ಚುತ್ತವೆಯೇ? ಸುಮಾರು 5ರಿಂದ 8 ಕಿಲೋಹರ್ಟ್ಜ್ ನಡುವೆ ಏರು ಇದ್ದರೆ ಹೀಗಾಗುತ್ತದೆ. ಮೊದಲು ಅದು 'ಎಷ್ಟು ಸ್ಪಷ್ಟ' ಅನ್ನಿಸುತ್ತದೆ, ಒಂದು ಗಂಟೆ ಕಳೆದರೆ ತಲೆನೋವು. ವಾದ್ಯಗಳೆಲ್ಲ ಒಟ್ಟಿಗೆ ಬಂದಾಗ ಒಂದೊಂದನ್ನೂ ಹಿಂಬಾಲಿಸಲು ಆಗುತ್ತದೆಯೇ, ಅಥವಾ ಎಲ್ಲ ಕಲಸಿಹೋಗುತ್ತದೆಯೇ ಎಂದೂ ನೋಡಿ.

ಎರಡು ಹೆಡ್‌ಫೋನ್ ಹೋಲಿಸುತ್ತಿದ್ದೀರಾ? ಎಚ್ಚರ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ನಂಬಿಬಿಡುತ್ತದೆ. ಸದ್ದು ಮೆಲ್ಲಗಾದಾಗ ಬಾಸ್ ಇನ್ನೂ ಕಡಿಮೆ ಕೇಳಿಸುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಒಂದೇ ಮಾತಿನ ಮುದ್ರಣ ಹಾಕಿ ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. ಗೆದ್ದದ್ದನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ಕೇಳಿ. ಆಗಲೂ ಗೆದ್ದರೆ ಅದು ನಿಜವಾದ ಗೆಲುವು.

ರಾತ್ರಿ ಎಲ್ಲ ಸ್ತಬ್ಧವಾದ ಮೇಲೆ ಇನ್ನೆರಡು ನೋಡಿ. ಹಾಡು ನಿಲ್ಲಿಸಿದಾಗ ಸುಯ್ ಎಂಬ ಸದ್ದು ಕಾಡುತ್ತದೆಯೇ? ವಾಲ್ಯೂಮಿನ ಮೊದಲ ಮೆಟ್ಟಿಲೇ ಜೋರಾಗಿದೆಯೇ? ಮಲಗುವ ಮುನ್ನ ಕೇಳುವವರಿಗೆ ಈ ಎರಡನೆಯದು ದಿನವೂ ಕಾಡುವ ತೊಂದರೆ, ಯಾವ ಡಬ್ಬದಲ್ಲೂ ಇದನ್ನು ಬರೆದಿರುವುದಿಲ್ಲ.

ಇಲ್ಲೊಂದು ಮಾತು. ಬಾಸ್ ಸ್ವಲ್ಪ ಜಾಸ್ತಿ, ಟ್ರೆಬಲ್ ಸ್ವಲ್ಪ ಚೂಪು ಎಂಬ ಕಾರಣಕ್ಕೆ ವಾಪಸ್ ಕೊಡಬೇಡಿ. ಈಕ್ವಲೈಜರ್‌ನಲ್ಲಿ, ಅಂದರೆ ಬಾಸ್, ಟ್ರೆಬಲ್‌ಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೆಟ್ಟಿಂಗ್‌ನಲ್ಲಿ, ಅದು ಸರಿಹೋಗುತ್ತದೆ. ಬೇಕಾದ್ದನ್ನು ಏರಿಸುವ ಬದಲು ಬೇಡವಾದದ್ದನ್ನು ಇಳಿಸಿ, ಆಗ ಸದ್ದು ಒಡೆಯುವುದಿಲ್ಲ. ನಡುಗುವ ಡ್ರೈವರನ್ನು, ಕೂರದ ಕುಶನ್ನನ್ನು, ನೋಯುವ ನೆತ್ತಿಯನ್ನು ಯಾವ ಆ್ಯಪ್ ಕೂಡ ಸರಿಮಾಡಲಾರದು. ನನ್ನ ಲೆಕ್ಕದಲ್ಲಿ ಹೆಡ್‌ಫೋನ್ ಪಾಸೋ ಫೇಲೋ ಎಂಬುದು ನಿಂತಿರುವುದು ಈ ಎರಡನೇ ಗುಂಪಿನ ಮೇಲೆ. ಅಂದಹಾಗೆ, ಹೊಸ ಹೆಡ್‌ಫೋನ್ ನೂರು ಗಂಟೆ ಓಡಿದ ಮೇಲೆ 'ಪಳಗುತ್ತದೆ' ಎನ್ನುತ್ತಾರಲ್ಲ, ಅದರಲ್ಲಿ ಬಹುಪಾಲು ಪಳಗುವುದು ನಮ್ಮ ಕಿವಿಯೇ. ಅದಕ್ಕೇ ಮೊದಲ ದಿನದ ತೀರ್ಪನ್ನು ಬರೆದಿಟ್ಟು ನಾಲ್ಕನೇ ದಿನ ಮತ್ತೆ ಕೇಳಿ.

ಹೆಜ್ಜೆ 5: ಎಎನ್‌ಸಿ ಇದ್ದರೆ, ಅದು ಸೋಲುವ ಜಾಗ ತಿಳಿದುಕೊಳ್ಳಿ

ಎದುರು ಸದ್ದು ಹುಟ್ಟಿಸಿ ಸದ್ದನ್ನು ಅಳಿಸುವ ಉಪಾಯ ಹಳೆಯದು. ಪೌಲ್ ಲೂಗ್ ಎಂಬವರು ಇದಕ್ಕೆ ಅಮೆರಿಕದಲ್ಲಿ 1936ರಲ್ಲೇ ಪೇಟೆಂಟ್ ಪಡೆದಿದ್ದರು. ಕಪ್‌ನ ಮೈಕ್ ಹೊರಗಿನ ಸದ್ದು ಕೇಳಿಸಿಕೊಳ್ಳುತ್ತದೆ, ಒಳಗಿನ ಚಿಪ್ ಅದಕ್ಕೆ ತಲೆಕೆಳಗಾದ ಅಲೆ ಹುಟ್ಟಿಸುತ್ತದೆ. ಎರಡೂ ಕೂಡಿ ಒಂದನ್ನೊಂದು ಕಳೆಯುತ್ತವೆ. 100 ಹರ್ಟ್ಜ್ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ. ಲೆಕ್ಕ ಒಂಚೂರು ತಪ್ಪಿದರೂ ನಡೆಯುತ್ತದೆ. 5000 ಹರ್ಟ್ಜ್ ಅಲೆ ಬರೀ 7 ಸೆಂ.ಮೀ. ಅಲ್ಲಿ ಕೂದಲೆಳೆ ತಪ್ಪಿದರೂ ಅಳಿಸಲು ಆಗುವುದಿಲ್ಲ. ಆದ್ದರಿಂದ ಫ್ಯಾನು, ಇಂಜಿನ್, ಏಸಿಯ ಗುಂಯ್‌ಗುಡುವಿಕೆ ತಗ್ಗುತ್ತದೆ. ಪಕ್ಕದವರ ಮಾತು, ಮಗುವಿನ ಅಳು, ಹಾರ್ನ್ ಅಷ್ಟಾಗಿ ತಗ್ಗುವುದಿಲ್ಲ. ಅವನ್ನು ತಡೆಯಬೇಕಾದ್ದು ಕುಶನ್. ಮತ್ತೆ ಅದೇ ಸಂದಿನ ಮಾತು ಬಂತು ನೋಡಿ.

ಪರೀಕ್ಷೆಗೆ ಫ್ಯಾನಿನ ಕೆಳಗೆ ಕೂತು ಎಎನ್‌ಸಿಯನ್ನು ಆನ್-ಆಫ್ ಮಾಡಿ. ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗಬೇಕು. ಬಳಿಕ ಹಾಡು ಹಾಕಿಕೊಂಡು ಅದನ್ನೇ ಮಾಡಿ. ಕೆಲವು ಅಗ್ಗದ ಮಾದರಿಗಳಲ್ಲಿ ಎಎನ್‌ಸಿ ಆನ್ ಆದಾಗ ಹಾಡಿನ ಬಣ್ಣವೇ ಬದಲಾಗುತ್ತದೆ. ಹೊರಗೆ ಗಾಳಿಯಲ್ಲಿ ನಡೆದೂ ನೋಡಿ, ಗಾಳಿ ಮೈಕಿಗೆ ಬಡಿದು ಭರ್ರೆಂದರೆ ನಡೆಯುವವರಿಗೆ ಅದು ಉಪಯೋಗವಿಲ್ಲ. ಕೆಲವರಿಗೆ ಎಎನ್‌ಸಿಯಿಂದ ಕಿವಿ ಕಟ್ಟಿದಂತೆ, ಒತ್ತಿದಂತೆ ಆಗುತ್ತದೆ. ಎರಡು ದಿನ ಕಳೆದರೂ ಹೋಗದಿದ್ದರೆ ಅದು ನಿಮಗೆ ಹೇಳಿದ್ದಲ್ಲ.

ಎಎನ್‌ಸಿಯಿಂದ ನಿಜವಾಗಿ ಸಿಗುವ ಲಾಭ ವಾಲ್ಯೂಮಿನದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಇಂಜಿನ್ ಸದ್ದು ತಗ್ಗಿದರೆ ಹಾಡನ್ನೂ ತಗ್ಗಿಸಿ ಕೇಳಬಹುದು.

ಹೆಜ್ಜೆ 6: ಕರೆ, ಲ್ಯಾಪ್‌ಟಾಪ್, ವಿಡಿಯೊ

ನಿಮ್ಮ ಮೈಕ್ ಹೇಗಿದೆ ಎಂದು ನೀವೇ ಕೇಳಬೇಕು. ಆ ಕಡೆಯವರು 'ಪರವಾಗಿಲ್ಲ' ಎಂದೇ ಹೇಳುತ್ತಾರೆ, ದಾಕ್ಷಿಣ್ಯ ಅಲ್ವಾ. ಹೆಡ್‌ಫೋನಿನ ಮೈಕ್ ಬಳಸಿ ವಾಯ್ಸ್ ರೆಕಾರ್ಡಿಂಗ್ ಮಾಡಿ. ಒಂದು ಕೋಣೆಯಲ್ಲಿ, ಒಂದು ರಸ್ತೆಬದಿಯಲ್ಲಿ.

ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಹಾಡಿನ ಸದ್ದು ಹಳೆಯ ರೇಡಿಯೊದಂತೆ ಆಗುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ, ಗಾಬರಿ ಬೇಡ. ಮೈಕ್ ಆನ್ ಆದಾಗ ಮಾಮೂಲಿ ಬ್ಲೂಟೂತ್ ಕರೆಯ ವಿಧಾನಕ್ಕೆ ಇಳಿಯುತ್ತದೆ. ಅದರಲ್ಲಿ ಸದ್ದನ್ನು ಅಳೆದು ಕಳಿಸುವುದು ಸೆಕೆಂಡಿಗೆ 8000 ಅಥವಾ 16000 ಸಲ ಮಾತ್ರ, ಹಾಡಿಗೆ ಅದು ಸಾಲದು. ಮೀಟಿಂಗ್‌ಗೆ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿದರೆ ಈ ತೊಂದರೆ ತಪ್ಪುತ್ತದೆ.

ವಿಡಿಯೊದಲ್ಲಿ ತುಟಿ ಮತ್ತು ಮಾತು ಕೂಡುತ್ತವೆಯೇ ನೋಡಿ. ಹೆಚ್ಚಿನ ವಿಡಿಯೊ ಆ್ಯಪ್‌ಗಳು ತಡವನ್ನು ಸರಿದೂಗಿಸುತ್ತವೆ. ಆಟಗಳಲ್ಲಿ ಅದು ಆಗುವುದಿಲ್ಲ, ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಆಡುವವರು ವೈರ್ ಹಾಕಿಕೊಳ್ಳುವುದೇ ವಾಸಿ. ಮಲ್ಟಿಪಾಯಿಂಟ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಓಡುವಾಗ ಫೋನಿಗೆ ಕರೆ ಮಾಡಿಸಿ ನೋಡಿ. ಫೋನನ್ನು ಹಿಂದಿನ ಜೇಬಿನಲ್ಲಿಟ್ಟು ನಡೆಯಿರಿ. ಬ್ಲೂಟೂತಿನ 2.4 ಗಿಗಾಹರ್ಟ್ಜ್ ಅಲೆಗೆ ನಮ್ಮ ದೇಹವೇ ಗೋಡೆ, ಹತ್ತು ಹೆಜ್ಜೆಗೊಮ್ಮೆ ಹಾಡು ತುಂಡಾದರೆ ಆಂಟೆನಾ ಸೊರಗಿದೆ ಎಂದರ್ಥ.

ಹೆಜ್ಜೆ 7: ಬ್ಯಾಟರಿ ಮತ್ತು ಮೈಕಟ್ಟು

ಡಬ್ಬದಲ್ಲಿ ಬರೆದ ಗಂಟೆಗಳು ಸಾಮಾನ್ಯವಾಗಿ ವಾಲ್ಯೂಮ್ ಅರ್ಧಕ್ಕಿಟ್ಟು, ಎಎನ್‌ಸಿ ಆಫ್ ಮಾಡಿ ಅಳೆದವು. ಒಮ್ಮೆ ತುಂಬ ಚಾರ್ಜ್ ಮಾಡಿ ನಿಮ್ಮ ರೀತಿಯಲ್ಲೇ ಬಳಸಿ, ಗಂಟೆ ಬರೆದಿಡಿ. ಚಾರ್ಜಿಂಗ್‌ನಲ್ಲೊಂದು ಚಿಕ್ಕ ಬಲೆ ಇದೆ. ಎರಡೂ ತುದಿ ಸಿ ಇರುವ ಕೇಬಲ್ ಹಾಕಿ ನೋಡಿ. ಕೆಲವು ಅಗ್ಗದ ಸಾಧನಗಳಲ್ಲಿ ಕಿಂಡಿಯ ಹಿಂದೆ ಇರಬೇಕಾದ 5.1 ಕಿಲೋಓಮ್ ರೆಸಿಸ್ಟರ್‌ಗಳನ್ನೇ ಹಾಕಿರುವುದಿಲ್ಲ. ಆಗ ಹೊಸ ಚಾರ್ಜರ್ ಅದನ್ನು ಗುರುತಿಸುವುದೇ ಇಲ್ಲ. ಡಬ್ಬದ ಜತೆ ಬಂದ ಹಳೆಯ ಮಾದರಿಯ ಕೇಬಲ್ ಒಂದೇ ಗತಿ. ಇದ್ದುಕೊಂಡು ಹೋಗಬಹುದಾದ ದೋಷ, ಆದರೆ ಗೊತ್ತಿರಲಿ.

3.5 ಮಿ.ಮೀ. ವೈರ್ ಇದ್ದರೆ ಪವರ್ ಆಫ್ ಮಾಡಿ ಕೇಳಿ. ಕೆಲವು ತೆಳ್ಳಗೆ ಕೇಳಿಸುತ್ತವೆ, ಒಳಗಿನ ಚಿಪ್ ಮಾಡುತ್ತಿದ್ದ ತಿದ್ದುಪಡಿ ಆಗ ಇರುವುದಿಲ್ಲ.

ಲಿಥಿಯಂ ಬ್ಯಾಟರಿ ಸುಮಾರು 300ರಿಂದ 500 ಪೂರ್ಣ ಚಾರ್ಜ್ ಆದಮೇಲೆ ಮೊದಲಿನ ಶಕ್ತಿಯ ಶೇ. 80ಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ಚಾರ್ಜ್ ಮಾಡುವವರಿಗೆ ಅದು ಹಲವು ವರ್ಷ. ಅದಕ್ಕೂ ಮೊದಲು ಕೈಕೊಡುವುದು ಕುಶನ್ನು. ಬೆವರು, ಎಣ್ಣೆ ತಾಗಿ ಕೃತಕ ಚರ್ಮ ಹಪ್ಪಳೆಯಾಗಿ ಉದುರುತ್ತದೆ, ಕುತ್ತಿಗೆಯ ಮೇಲೆಲ್ಲ ಕಪ್ಪು ಚೂರು. ಆದ್ದರಿಂದ ಕುಶನ್ ಬಿಚ್ಚಿ ಹಾಕುವಂತಿದೆಯೇ, ಅಂಟಿಸಿದ್ದಾರೆಯೇ ಎಂದು ಅಂಚನ್ನು ಮೆಲ್ಲಗೆ ಎಳೆದು ನೋಡಿ. ಅಗಲ-ಉದ್ದ ಅಳೆದು ಅದೇ ಅಳತೆಯ ಬದಲಿ ಕುಶನ್ ಸಿಗುತ್ತದೆಯೇ ಎಂದು ಈಗಲೇ ಹುಡುಕಿ. ಆಮೇಲೆ ಕೀಲು. ಕಪ್ ಮಡಚುವ ಜಾಗದಲ್ಲಿ ಬಿಳಿ ಗೆರೆ ಕಂಡರೆ ಪ್ಲಾಸ್ಟಿಕ್ ಒತ್ತಡಕ್ಕೆ ಸಿಕ್ಕಿದೆ, ಅಲ್ಲಿಂದಲೇ ಬಿರುಕು ಬಿಡುವುದು. ಎರಡು ಕೈಯಲ್ಲಿ ತಲೆಪಟ್ಟಿಯನ್ನು ಸ್ವಲ್ಪ ಅಗಲಿಸಿ. ಕಿರ್‌ಕಿರ್ ಎಂದರೆ ನಡೆಯುವಾಗಲೂ ಅದೇ ಸದ್ದು ಹಾಡಿನ ಜತೆ ಕೇಳಿಸುತ್ತದೆ.

ಹೆಜ್ಜೆ 8: ತೀರ್ಮಾನ

ಗಡುವು ಮುಗಿಯಲು ಎರಡು ದಿನ ಇರುವಾಗ ಮೊದಲ ಹೆಜ್ಜೆಯ ಚೀಟಿ ತೆಗೆಯಿರಿ. ನೆತ್ತಿ-ಕಿವಿ ನೋವು, ಬಾಸ್ ಸೋರಿಕೆ, ನಡುಗುವ ಡ್ರೈವರ್, ಒಂದೇ ಕಡೆ ವಾಲುವ ಸದ್ದು, ಜೇಬಿನಿಂದಲೇ ತುಂಡಾಗುವ ಬ್ಲೂಟೂತ್: ಇವುಗಳಲ್ಲಿ ಒಂದು ಇದ್ದರೂ ವಾಪಸ್ ಕೊಡಿ. ಮೈಕ್ ಸುಮಾರು, ಎಎನ್‌ಸಿ ಸಾಧಾರಣ ಎಂಬುದು ಚೀಟಿಯಲ್ಲಿ ಬರೆದ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಬಿಟ್ಟುಬಿಡಿ. ವಾಪಸ್ ಕೊಡುವುದಾದರೆ ಮೊದಲು ಫೋನಿನಿಂದ ಜೋಡಣೆ ಅಳಿಸಿ, ಹೆಡ್‌ಫೋನನ್ನು ರೀಸೆಟ್ ಮಾಡಿ, ಕುಶನ್ ಒರೆಸಿ. ಡಬ್ಬದ ಒಳಗಿನ ಕೇಬಲ್, ಚೀಟಿ, ಪ್ಲಾಸ್ಟಿಕ್ ಹೊದಿಕೆ ಏನನ್ನೂ ಎಸೆದಿರಬೇಡಿ. ನಾನು ಆ ಇಎನ್‌ಸಿ ಹೆಡ್‌ಫೋನಿನ ಡಬ್ಬವನ್ನು ಬಸ್ಸು ಹತ್ತುವ ಮೊದಲೇ ಕಸಕ್ಕೆ ಹಾಕಿದ್ದೆ.